ಒದ್ದೆ ಸಮವಸ್ತ್ರ

ಹಾಸನದ ಬಸ್ ನಿಲ್ದಾಣದಲ್ಲಿ, ಹೊಳೆನರಸೀಪುರದ ಬಸ್ಸು ನಿಲ್ಲುವ ಜಾಗದ ಎದುರಿಗೆ, ಶೌಚಾಲಯದ ದಾರಿ ತೋರಿಸುವ ಬಾಣಕ್ಕೂ ಮೂಲವ್ಯಾಧಿ ಚಿಕಿತ್ಸೆಯ ಜಾಹೀರಾತಿಗೂ ನಡುವೆ, ಸುದರ್ಶನನ ಮಗಳು ರಂಜಿತಾ ಆಳೆತ್ತರದ ಬಡ ಹುಡುಗಿಯಾಗಿ ನಿಂತಿದ್ದಳು. ನೀಲಿ ಲಂಗ, ಬಿಳಿ ಅಂಗಿ, ಜೇಬಿನ ಮೇಲೆ ಅಕ್ಷರಾಸರೆ ಪ್ರತಿಷ್ಠಾನದ ಹಣತೆಯ ಗುರುತು, ಮಡಿಚಿ ಕಟ್ಟಿದ ಎರಡು ಜಡೆ, ಇನ್ನೇನು ಅಳು ಬಂದೇಬಿಡುತ್ತದೆ ಎನ್ನುವಂಥ ಮುಖ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ‘ನನಗೂ ಓದುವ ಆಸೆ. ನನ್ನೂರ ಶಾಲೆ ಉಳಿಸಿ ಕೊಡಿ.’ ಆ ಸಾಲು ಬರೆದವನು ಅವನೇ, ಆ ಮಗುವನ್ನು ಹೆತ್ತವನೂ ಅವನೇ. ಎರಡೂ ಒಂದರ ಕೆಳಗೊಂದು ನಿಂತರೆ ಹೀಗೆ ಸುಳ್ಳಾಗಿ ಕಾಣಬಹುದೆಂದು ಮಾತ್ರ ತೋಚಿರಲಿಲ್ಲ. ಫ್ಲೆಕ್ಸಿನ ಬುಡದಲ್ಲಿ ಬೀಗ ಹಾಕಿದ ಡಬ್ಬಿ. ಪಕ್ಕದಲ್ಲಿ ಕಡ್ಲೆಕಾಯಿ ಬಿಡಿಸುತ್ತ ನಿಂತಿದ್ದ ಮುದುಕಿಯೊಬ್ಬಳು ರಂಜಿತಳ ಮುಖವನ್ನೇ ಬಹಳ ಹೊತ್ತು ನೋಡಿ, ‘ಯಾರ್ ಮಗೀನೋ ಕಾಣೆ ಕಣವ್ವ. ಎಂಗ್ ಸೊರಗೋಗೈತೆ ನೋಡು’ ಎಂದಳು. ಜೊತೆಯಲ್ಲಿದ್ದ ಸೊಸೆ, ‘ಅಪ್ಪ ಅನ್ನುಸ್ಕೊಂಡೋನು ಕುಡುಕ್ನೇ ಇರ್ಬೇಕು ಬುಡತ್ತೆ. ಇಲ್ದಿದ್ರೆ ಎಣ್ ಮಗೀನ ಇಂಗ್ ಬೀದೀಲಿ ನಿಲ್ಲುಸ್ತಾನಾ?’ ಎಂದಳು. ಮುದುಕಿ ಸೆರಗಿನ ಗಂಟು ಬಿಚ್ಚಿ ನಾಣ್ಯವೊಂದನ್ನು ಡಬ್ಬಿಗೆ ಹಾಕಿ, ಹಾಕಿದ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಆ ಮಗುವಿನ ಅಪ್ಪ ಸಹಕಾರಿ ಬ್ಯಾಂಕಿನಲ್ಲಿ ಅಕೌಂಟೆಂಟು, ಸಂಜೆ ಹೊತ್ತು ಬಾದಾಮಿ ಹಾಲು ಬಿಟ್ಟು ಬೇರೇನೂ ಕುಡಿಯುವವನಲ್ಲ ಎಂದು ಸುದರ್ಶನನಿಗೆ ಹೇಳಬೇಕೆನಿಸಿತು. ಬದಲಿಗೆ ಅವನೂ ಜೇಬಿನಿಂದ ಒಂದು ನೋಟು ತೆಗೆದು ಡಬ್ಬಿಗೆ ತುರುಕಿದ. ಮುದುಕಿ ಒಳ್ಳೆಯವನೆಂಬಂತೆ ತಲೆಯಾಡಿಸಿದಳು. ಸ್ವಂತ ಮಗಳಿಗೇ ಭಿಕ್ಷೆ ಹಾಕಿ, ಮೆಚ್ಚುಗೆಯನ್ನೂ ಪಡೆದು, ಸುದರ್ಶನ ಬಸ್ಸು ಹತ್ತಿದ.

ಬ್ಯಾಂಕಿನಲ್ಲಿ ಅರ್ಧ ದಿನ ರಜೆ ಹಾಕಿ ಹೊರಟಿದ್ದ. ಊಟದ ಹೊತ್ತಿಗೆ ಊರಿನ ಶಾಲೆಯ ಹೆಡ್‌ಮೇಡಂ ನಾಗಲಕ್ಷ್ಮಿ ಫೋನು ಮಾಡಿದ್ದರು. ‘ಸಾರ್, ಭೀಮ ಬಂದಿದ್ದ. ಮಗಳ ಟಿ.ಸಿ. ಬೇಕಂತೆ, ಕಾನ್ವೆಂಟಿಗೆ ಸೇರಿಸ್ತಾನಂತೆ. ಸಂಜೆ ವ್ಯಾನ್ ತರೋವಾಗ ಬಂದು ತಗೊಂಡು ಹೋಗ್ತೀನಿ ಅಂದ. ಧನುಶ್ರೀ ಹೋದ್ರೆ ಆ ಕೇರಿ ಮಕ್ಕಳೆಲ್ಲ ಅವಳ ಹಿಂದೇನೇ ಹೋಗ್ತವೆ. ಇನ್ನು ಯಾರಿದಾರೆ ನಮಗೆ? ಮಕ್ಕಳಿಲ್ಲ ಅಂದ್ರೆ ಬಾಗಿಲು ಹಾಕಿ ಪಕ್ಕದೂರಿಗೆ ಸೇರಿಸ್ತೀವಿ ಅಂತ ಮೇಲಿನೋರು ಆಗ್ಲೇ ಹೇಳಿದಾರೆ. ನೀವೇ ಬಂದು ಏನಾದ್ರೂ ಹೇಳಿ ಸಾರ್, ನಿಮ್ಮ ಮಾತಿಗೆ ಬೆಲೆ ಕೊಡ್ತಾನೆ.’ ಬೆಲೆ ಎಂಬ ಪದ ಅವನ ಕಿವಿಯಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು. ಭೀಮ ಓಡಿಸುವುದು ಆ ಕಾನ್ವೆಂಟಿನ ಹಳದಿ ವ್ಯಾನನ್ನೇ. ಬೆಳಗ್ಗೆ ಎಂಟಕ್ಕೆ ಸುದರ್ಶನನ ಮನೆ ಮುಂದೆ ಹಾರನ್ ಹೊಡೆದು, ರಂಜಿತಳ ಬ್ಯಾಗನ್ನು ಕೈನೀಡಿ ತೆಗೆದುಕೊಂಡು, ‘ಉಸಾರು ಕಣವ್ವ, ಮೆಟ್ಲು’ ಎನ್ನುವವನು ಅವನೇ. ದಿನಾ ಊರಿನ ಮಕ್ಕಳನ್ನು ಸರ್ಕಾರಿ ಶಾಲೆಯ ಗೇಟಿನ ಮುಂದೆಯೇ ಹಾಯಿಸಿ ಹೊಳೆನರಸೀಪುರಕ್ಕೆ ಸಾಗಿಸುವವನಿಗೆ, ನಿನ್ನ ಮಗಳನ್ನು ಮಾತ್ರ ಇಲ್ಲೇ ಇಳಿಸು ಎಂದು ಹೇಳಲು ಸುದರ್ಶನ ಹೊರಟಿದ್ದ. ಕಿಟಕಿಯ ಗಾಜಿಗೆ ಹನಿ ಬೀಳುತ್ತಿತ್ತು. ಬೀಳುತ್ತಿದೆಯೋ ಇಲ್ಲವೋ ಎಂಬಂಥ ಜೂನಿನ ಹನಿ. ಬಟ್ಟೆ ಒಣಗಲೂ ಬಿಡದು, ಹೊಲ ನೆನೆಯಲೂ ಬಿಡದು.

ಅವನೂರು ಬಾಗೇಮರದಹಳ್ಳಿಯ ಶಾಲೆಗೆ ಜನ ಕೊಡಲಿಲ್ಲ ಎನ್ನುವಂತಿಲ್ಲ. ಚನ್ನರಾಯಪಟ್ಟಣದ ಕಡೆಯ ತೋಟಗಳಲ್ಲಿ ಮನೆಗೊಂದು ‘ಶಾಲೆ ಮರ’ ಗುರುತು ಮಾಡಿ, ತೆಂಗಿನ ಬೊಡ್ಡೆಗೆ ಹಳದಿ ಪಟ್ಟಿ ಬಳಿದು, ಅದರ ಕಾಯೆಲ್ಲ ಶಾಲೆಗೆಂದು ಮಾಡಿದ್ದು ಪ್ರತಿಷ್ಠಾನದ ಕಾರ್ಯದರ್ಶಿ ಸುದರ್ಶನನದೇ ಯೋಚನೆ. ಪ್ರತಿ ತೋಟದವರೂ ಇರುವುದರಲ್ಲೇ ಮುದಿಯಾದ, ಕಾಯಿ ಬಿಡುವುದನ್ನು ಮರೆತ ಮರವನ್ನು ಹುಡುಕಿ ಪಟ್ಟಿ ಬಳಿಸಿಕೊಂಡದ್ದು ಬೇರೆ ಮಾತು. ಅರಕಲಗೂಡಿನವರು ಆಲೂಗಡ್ಡೆ ಮೂಟೆ ಕೊಟ್ಟರು. ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಡಬ್ಬಿ ಇಡಲು ಬಿಟ್ಟರು. ಊರಿನ ದಣಿಗಳೆಲ್ಲ ದಾನಿಗಳಾದರು. ಬದಲಾದದ್ದು ಅಕ್ಷರ ಮಾತ್ರ, ಅದಕ್ಕೇ ಇರಬೇಕು ಅಕ್ಷರಾಸರೆ ಎಂದು ಅವನೇ ಒಮ್ಮೆ ನಗೆಯಾಡಿ, ಅಧ್ಯಕ್ಷ ಕೃಷ್ಣಪ್ಪನವರು ನಗದಿದ್ದಾಗ ಕೆಮ್ಮಿದ್ದ. ಬೆಂಚು ಬಂತು, ಬೆಂಚಿನ ಮೇಲೆ ಹೆಸರು ಬಂತು. ಫ್ಯಾನು ಬಂತು, ರೆಕ್ಕೆಗೊಂದು ಹೆಸರು. ಸ್ವಿಚ್ಚು ಹಾಕಿದರೆ ಮೂವರು ದಾನಿಗಳೂ ಒಂದೇ ಬೂದು ಬಣ್ಣವಾಗುತ್ತಿದ್ದರು. ಊಟದ ತಟ್ಟೆಗಳ ನಡುಮಧ್ಯಕ್ಕೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದುಕೊಟ್ಟ, ಮದುವೆ ಪಾತ್ರೆಗೆ ಕೊರೆಯುವ ಹಾಗೆ. ಮಕ್ಕಳು ಅನ್ನ ಸಾರು ಉಂಡು ಮುಗಿಸಿದಾಗ ತಳದಲ್ಲಿ ಕೃಷ್ಣಪ್ಪನವರು ಮೂಡುತ್ತಿದ್ದರು. ಮನೆಮನೆಯಿಂದ ಎಲ್ಲವೂ ಬಂತು. ಮಗು ಮಾತ್ರ ಬರಲಿಲ್ಲ. ಉಳಿದದ್ದು ಕೇರಿಯ ಮಕ್ಕಳು, ಅವರಲ್ಲಿ ಎಲ್ಲರಿಗಿಂತ ದೊಡ್ಡವಳು ಭೀಮನ ಮಗಳು ಧನುಶ್ರೀ, ನಾಲ್ಕನೇ ಕ್ಲಾಸು.

‘ಮುಂದ್ಕೋಗಿ, ಮುಂದ್ಕೋಗಿ’ ಎಂದು ಕಂಡಕ್ಟರು ಕೂಗಿದ. ಸುದರ್ಶನ ಹಿಂದಕ್ಕೇ ಹೋಗುತ್ತಿದ್ದ. ಫೋಟೋ ತೆಗೆಸಿದ ಆ ಶನಿವಾರ ಮಳೆ ಇನ್ನೂ ಶುರುವಾಗಿರಲಿಲ್ಲ. ಹಣತೆ ಗುರುತಿನ ಹೊಸ ಸಮವಸ್ತ್ರ ಮಾದರಿಗೆಂದು ಒಂದೇ ಒಂದು ಹೊಲಿದು ಬಂದಿತ್ತು. ಅಳತೆ ಸರಿಹೋದದ್ದು ಧನುಶ್ರೀಗೆ. ಅವಳು ಅದನ್ನು ತೊಟ್ಟು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಶಾಲೆಯ ಗೋಡೆಯ ಮುಂದೆ ಬಂದು ನಿಂತಾಗ ಹಾಸನದಿಂದ ಬಂದಿದ್ದ ಫೋಟೋದವನು ಎರಡು ಸಲ ಕ್ಲಿಕ್ಕಿಸಿ, ಕ್ಯಾಮೆರಾ ತಗ್ಗಿಸಿ, ‘ಮಗು ಚೆನ್ನಾಗವ್ಳೆ ಸಾರ್. ಆದ್ರೆ ಬೆಳಕು ಕಮ್ಮಿ. ಫೇಸು ಸ್ವಲ್ಪ ಬ್ರೈಟಾಗಿರ್ಬೇಕು’ ಎಂದ. ನೆತ್ತಿಯ ಮೇಲೆ ಸೂರ್ಯ ಸುಡುತ್ತಿದ್ದ. ಯಾವ ಬೆಳಕು ಕಮ್ಮಿ ಎಂದು ಸುದರ್ಶನ ಕೇಳಲಿಲ್ಲ, ಅರ್ಥವಾಗದಿದ್ದರೆ ತಾನೇ ಕೇಳುವುದು. ರಂಜಿತಾ ಮನೆಯಲ್ಲಿದ್ದಳು, ಒಂದೇ ಮೈಕಟ್ಟು. ಧನುಶ್ರೀ ಮನೆಗೆ ಓಡಿಹೋಗಿ ಹಳೇ ಫ್ರಾಕು ತೊಟ್ಟು, ಸಮವಸ್ತ್ರವನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿ ಸುದರ್ಶನನ ಮನೆಗೆ ತಂದಳು. ಹಿತ್ತಿಲ ಬಾಗಿಲಲ್ಲಿ ಅವನ ತಾಯಿ ಚಿಕ್ಕಲಕ್ಷ್ಮಮ್ಮ, ‘ಅಲ್ಲೇ ಕಲ್ಲಿನ್ ಮ್ಯಾಲೆ ಮಡಗವ್ವ’ ಎಂದರು. ಕಠಿಣವಾಗಿ ಹೇಳಲಿಲ್ಲ. ಅವರು ಯಾವುದನ್ನೂ ಕಠಿಣವಾಗಿ ಹೇಳುವವರಲ್ಲ. ಹುಡುಗಿಯ ಕೈಗೆ ಎರಡು ಕೋಡುಬಳೆಯನ್ನೂ ಮೇಲಿನಿಂದ ಬಿಟ್ಟರು. ಆಮೇಲೆ ಕಲ್ಲಿನ ಮೇಲಿಂದ ಬಟ್ಟೆ ಎತ್ತಿಕೊಂಡು, ಬಚ್ಚಲೊಲೆಯ ಮೇಲೆ ಕುದಿಯುತ್ತಿದ್ದ ಹಂಡೆಗೆ ಹಾಕಿದರು. ಬಿಳಿ ಅಂಗಿಯೊಳಗೆ ಗಾಳಿ ಸೇರಿ, ಉಬ್ಬಿ, ಒಂದು ಸಲ ಮೇಲೆ ಬಂತು. ಕೋಲಿನಿಂದ ಅದ್ದಿದರು. ಮತ್ತೆ ಮೇಲೆ ಬಂತು. ನುಗ್ಗೆ ಮರದ ಕೆಳಗೆ ನಿಂತು ಧನುಶ್ರೀ ನೋಡುತ್ತಿದ್ದಳು, ಕೋಡುಬಳೆ ಕೈಯಲ್ಲೇ ಇತ್ತು. ಸುದರ್ಶನ ಅವ್ವನಿಗೆ ಏನೋ ಹೇಳಲು ಬಾಯಿ ತೆರೆದ. ಬಾಯಿಂದ ಬಂದದ್ದು, ‘ಬ್ಯಾಗ ಆಗ್ಲವ್ವ, ಫೋಟೋದೋನು ಕಾಯ್ತಾವ್ನೆ.’

ಅರ್ಧ ಒಣಗಿದ್ದನ್ನೇ ಇಸ್ತ್ರಿ ಮಾಡಿ ರಂಜಿತಳಿಗೆ ತೊಡಿಸಿದರು. ‘ಪಪ್ಪಾ, ಒದ್ದೆ. ಮೈಗೆ ಅಂಟ್ಕೊಳ್ತಿದೆ’ ಎಂದು ಅವಳು ಮುಖ ಕಿವುಚಿದ ಹೊತ್ತಿಗೇ ಫೋಟೋದವನು, ‘ಅದೇ ಸಾರ್, ಅದೇ ಎಕ್ಸ್‌ಪ್ರೆಶನ್ನು’ ಎಂದು ಕ್ಲಿಕ್ಕಿಸಿದ. ಬಸ್ ನಿಲ್ದಾಣದ ಮುದುಕಿಯ ಸೆರಗಿನ ಗಂಟು ಬಿಚ್ಚಿಸಿದ ಆ ಬಡತನ, ಒಂದು ಒದ್ದೆ ಕಾಲರಿನದು. ಫೋಟೋ ಮುಗಿದು ರಂಜಿತಾ ಕಳಚಿ ಬಿಸಾಡಿದ್ದನ್ನು ಚಿಕ್ಕಲಕ್ಷ್ಮಮ್ಮ ಮಡಿಚಿ ಅದೇ ಕಲ್ಲಿನ ಮೇಲೆ ಇಟ್ಟರು. ಧನುಶ್ರೀ ಬಂದು ಎತ್ತಿಕೊಂಡಳು. ಒಂದು ಹೆಜ್ಜೆ ಹೋಗಿ ತಿರುಗಿ ನಿಂತಳು. ‘ಅಮ್ಮಾವ್ರೆ, ಈಗ ಒಗ್ಯಂಗಿಲ್ವಾ?’ ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಕ್ಲಾಸಿನಲ್ಲಿ, ಲೆಕ್ಕದಲ್ಲಿ ಒಂದು ಹಂತ ಬಿಟ್ಟುಹೋದಾಗ ಮೇಡಂ ಅವರನ್ನು ಕೇಳುವ ಹಾಗೆ ಕೇಳಿದ್ದಳು. ಅವ್ವ ನಕ್ಕುಬಿಟ್ಟರು. ‘ಈಗ್ಯಾಕ್ ಒಗ್ಯಾದೇ ಕೂಸೇ, ನಮ್ ರಂಜಿ ತಾನೆ ಇಕ್ಕಂಡಿದ್ದು.’ ಹುಡುಗಿ ತಲೆಯಾಡಿಸಿದಳು, ಉತ್ತರ ತಾಳೆಯಾಯಿತು ಎಂಬಂತೆ. ಅಂದಿನಿಂದ ಅವಳು ಆ ಸಮವಸ್ತ್ರ ತೊಟ್ಟದ್ದನ್ನು ಯಾರೂ ಕಾಣಲಿಲ್ಲ. ಹಳೆಯದರಲ್ಲೇ ಬರುತ್ತಾಳೆ ಎಂದು ಹೆಡ್‌ಮೇಡಂ ಹೇಳಿದಾಗ, ‘ಕೊಟ್ಟಿದ್ದನ್ನ ಹಾಕ್ಕೊಳ್ಳೋಕೆ ಏನಂತೆ ಕಷ್ಟ? ಸ್ವಲ್ಪ ಗದರಿ ಮೇಡಂ’ ಎಂದವನು ಸುದರ್ಶನ. ಗದರಿದ್ದರಂತೆ. ಹುಡುಗಿ ಏನೂ ಹೇಳಲಿಲ್ಲವಂತೆ. ಮನೆಯಲ್ಲಿ ಹೇಳಿರುತ್ತಾಳೆ, ಅದಕ್ಕೇ ಟಿ.ಸಿ. ಭೀಮ ಇವತ್ತು ಎಲ್ಲರ ಮುಂದೆ ಬಾಯಿ ಬಿಚ್ಚಿ ಕೇಳುತ್ತಾನೆ. ಕೇಳಲಿ ಎಂದುಕೊಂಡ ಸುದರ್ಶನ. ಬೈಸಿಕೊಂಡುಬಿಟ್ಟರೆ ಕ್ಷಮೆ ಕೇಳುವುದಕ್ಕಾದರೂ ಒಂದು ದಾರಿಯಾಗುತ್ತದೆ. ಯಾವ ಮಾತಿನಲ್ಲಿ ಕೇಳಬೇಕೆಂದು ಹೊಂದಿಸಿಕೊಳ್ಳುತ್ತಿರುವಾಗ ಜೇಬಿನಲ್ಲಿ ಫೋನು ನಡುಗಿತು.

‘ಏನಯ್ಯಾ ಸೆಕ್ರೆಟ್ರಿ’ ಎಂದರು ಕೃಷ್ಣಪ್ಪನವರು. ಕಂಟ್ರಾಕ್ಟರಾಗಿದ್ದವರು, ಫೋನಿನಲ್ಲೂ ಸೈಟಿನಲ್ಲಿ ಕೂಗುವಂತೆಯೇ ಮಾತು. ‘ಭಾನ್ವಾರ ದಾನಿಗಳೆಲ್ಲಾ ಬತ್ತಾವ್ರೆ. ಆ ಫೋಟೋ ಮಗೀನ ಸ್ಟೇಜ್ ಮ್ಯಾಲೆ ನಿಲ್ಸಿ ನಾಕ್ ಮಾತಾಡಿಸ್ಬೇಕು ಕಣಯ್ಯ. ಎಲ್ರೂ ಅದ್ನೇ ಕೇಳ್ತಾವ್ರೆ.’

‘ಸಾ, ಅದು ನನ್ ಮಗಳು.’

‘ಗೊತ್ತು ಕಣಯ್ಯ! ನಿನ್ ಮಗಳಾದ್ರೆ ಊರಿನ್ ಮಗು ಅಲ್ವಾ? ನಾಕೇ ಮಾತು. ಉಳಿದ್ ಯೂನಿಫಾರಂ ಹೊಲ್ಯೋನು ಇನ್ನೂ ಕೊಟ್ಟಿಲ್ಲ, ಆ ಫೋಟೋಗಿಕ್ಕಿದ್ದು ಯಾರ್ ತಾವೈತೋ ಇಸ್ಕೊಂಡ್ ಮಡಿಕ್ಕೊ.’

ಇಳಿಯುವ ಊರು ಬಂತು. ರಸ್ತೆಯಿಂದ ಶಾಲೆಯ ತನಕ ನಡೆಯುವಾಗ ಹನಿ ನಿಂತಿತ್ತು, ಮೋಡ ಹಾಗೇ ಇತ್ತು. ಶಾಲೆಯ ಗೋಡೆಗೆ ಪ್ರತಿಷ್ಠಾನ ರೈಲು ಬರೆಸಿದೆ; ತರಗತಿಗಳೇ ಬೋಗಿಗಳು, ಬಾಗಿಲುಗಳೇ ಬಾಗಿಲುಗಳು. ಹತ್ತುವವರಿಲ್ಲದ ಆ ರೈಲಿನ ಮುಂದೆ, ಗೇಟಿಗೆ ಅಡ್ಡವಾಗಿ, ಕಿಕ್ಕಿರಿದ ಹಳದಿ ವ್ಯಾನು ನಿಂತಿತ್ತು. ಕಿಟಕಿಯಲ್ಲಿ ರಂಜಿತಾ. ‘ಪಪ್ಪಾ!’ ಎಂದು ಕೈ ಬೀಸಿದಳು. ಫ್ಲೆಕ್ಸಿನಲ್ಲಿದ್ದದ್ದಕ್ಕಿಂತ ಚಿಕ್ಕ ಮುಖ, ನಗುವ ಮುಖ, ಯಾರ ಸೆರಗಿನ ಗಂಟನ್ನೂ ಬಿಚ್ಚಿಸದ ಮುಖ. ಸುದರ್ಶನ ಕೈ ಎತ್ತಿ, ಪೂರ್ತಿ ಬೀಸದೆ, ತಲೆಕೂದಲು ಸರಿಮಾಡಿಕೊಂಡು ಒಳಗೆ ಹೋದ.

ಹೆಡ್‌ಮೇಡಂ ಟಿ.ಸಿ. ಬರೆದು ಮುಗಿಸಿ, ಸಹಿಯೊಂದನ್ನು ಬಿಟ್ಟು, ಪೆನ್ನಿನ ಮುಚ್ಚಳ ಹಾಕುತ್ತ ತೆಗೆಯುತ್ತ ಕೂತಿದ್ದರು. ಭೀಮ ಖಾಕಿ ಅಂಗಿಯಲ್ಲಿ, ಕೈಯಲ್ಲಿ ವ್ಯಾನಿನ ಕೀ ಹಿಡಿದುಕೊಂಡು, ಗೋಡೆಗೆ ಒರಗದೆ ನಿಂತಿದ್ದ.

‘ಕೂತ್ಕೊಳೋ ಭೀಮ’ ಎಂದು ಸುದರ್ಶನ ಕುರ್ಚಿಯಲ್ಲಿ ಕೂತ.

‘ಬ್ಯಾಡ ಬುಡಿ ಸಾ. ಇಲ್ಲಿ ಯಾವುದ್ರ ಮ್ಯಾಲೆ ಕೂತ್ರೂ ಯಾರಾದ್ರೂ ಗೌಡ್ರ ಎಸ್ರಿನ್ ಮ್ಯಾಲೆ ಕೂತಂಗಾಯ್ತದೆ’ ಎಂದು ಭೀಮ ನಕ್ಕ. ಹೆಡ್‌ಮೇಡಂಗೂ ನಗು ಬಂತು. ಸುದರ್ಶನನತ್ತ ನೋಡಿ ನುಂಗಿಕೊಂಡರು. ಆಗ ತಾನೇ ಕೂತಿದ್ದ ಸುದರ್ಶನನಿಗೆ, ಬೆನ್ನ ಹಿಂದೆ ತನ್ನ ತಂದೆಯ ‘ಸ್ಮರಣಾರ್ಥ’ ಒತ್ತಿದಂತಾಯಿತು.

‘ಇದ್ಯಾಕೋ ಇದ್ದಕ್ಕಿದ್ದಂಗೆ? ಯಾರಾದ್ರೂ... ಏನಾದ್ರೂ ಅಂದ್ರಾ ಮಗೀಗೆ?’ ಎಂದ. ಕೇಳಿಬಿಟ್ಟಿದ್ದ.

‘ಯಾರೇನಂದಾರು ಸಾ? ಅವಳೂ ಏನೂ ಏಳಿಲ್ಲ. ಕಾನ್ವೆಂಟ್ನೋರು ವ್ಯಾನ್ ಓಡ್ಸೋರ್ ಮಕ್ಳಿಗೆ ಫೀಸ್ನಾಗೆ ಅರ್ಧ ಬುಡ್ತೀವಿ ಅಂದ್ರು. ನಮ್ಮನೆಯೋಳು ಶಾಂತಿ ಸೇರ್ಸೇ ಸೇರ್ಸು ಅಂತ ಕುಂತವ್ಳೆ. ಈ ಮಗೀನ ಕೇಳಿದ್ರೆ ಅದೂ ಓಯ್ತೀನಿ ಅಂತು. ಯಾಕವ್ವ ಅಂದ್ರೆ ಸುಮ್ಕಾಯ್ತು.’

ಹೇಳಿಲ್ಲ. ಮನೆಯಲ್ಲೂ ಹೇಳಿಲ್ಲ. ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಕ್ಷಮೆ ಈಗ ಯಾರಿಗೂ ಬೇಡದ ಸರಕಾಯಿತು. ಬೈಗುಳವಾದರೂ ಸಿಗುತ್ತದೆಂದು ಬಂದವನಿಗೆ ಅದೂ ಸಿಗಲಿಲ್ಲ. ಮತ್ತು ಒಳಗೊಳಗೇ ತನಗೆ ಸಮಾಧಾನವಾಗುತ್ತಿದೆ ಎಂಬುದು ಗೊತ್ತಾಗಿ, ಆ ಸಮಾಧಾನದ ಮೇಲೆಯೇ ಹೇಸಿಗೆಯಾಯಿತು. ಆದರೂ ಕಾರ್ಯದರ್ಶಿಯ ಬಾಯಿ ತನ್ನ ಕಾರ್ಯ ಶುರುಮಾಡಿತು. ‘ನೋಡು ಭೀಮ, ಇದು ನಿಮ್ಮ ಸ್ಕೂಲು ಕಣೋ. ನಿಮ್ಮ ಮಕ್ಳಿಗೋಸ್ಕರಾನೇ ಇಷ್ಟೆಲ್ಲಾ ಮಾಡಿರೋದು. ಬೆಂಚು, ಫ್ಯಾನು, ಗೋಡೆ ಮೇಲೆ ಟಿ.ವಿ. ಏನ್ ಕಮ್ಮಿ ಆಗೈತೆ ಹೇಳು ಇಲ್ಲಿ?’

‘ಕಮ್ಮಿ ಏನಿಲ್ಲ ಸಾ. ಎಲ್ಲಾ ಐತೆ’ ಎಂದ ಭೀಮ. ‘ನಿಮ್ ಮಕ್ಳು ಒಬ್ರಿಲ್ಲ, ಅಷ್ಟೇಯ.’

ಹೊರಗೆ ವ್ಯಾನಿನಲ್ಲಿ ಮಕ್ಕಳು ಏನೋ ಇಂಗ್ಲಿಷ್ ಹಾಡು ಹೇಳಿಕೊಂಡು ಸೀಟು ಬಡಿಯುತ್ತಿದ್ದರು.

‘ಒಂದ್ ಮಾತ್ ಕೇಳ್ಲಾ ಸಾ, ಬೇಜಾರ್ ಮಾಡ್ಕಬ್ಯಾಡಿ. ರಂಜಿತವ್ವನ್ನ ಇಲ್ಲೀಗ್ ಸೇರ್ಸ್‌ಬುಡಿ. ಎಲ್ಡೂ ಒಂದೇ ಬೆಂಚಲ್ಲಿ ಕೂತ್ಕಳ್ಲಿ. ನಿಮ್ಮಗಳು ಬಂದ್ರೆ ಊರೋರ್ ಮಕ್ಳೆಲ್ಲಾ ಬತ್ತವೆ. ಇಗಾ, ಈ ಟಿ.ಸಿ.ನ ನಿಮ್ಮೆದ್ರೇ ಅರ್ದಾಕ್‌ಬುಡ್ತೀನಿ.’

ಹೆಡ್‌ಮೇಡಂನ ಪೆನ್ನು ನಿಂತಿತು. ಅವರು ತಲೆಯೆತ್ತಿ ನೋಡಿದ ರೀತಿಯಲ್ಲಿ ಒಂದು ಆಸೆಯಿತ್ತು. ಅಷ್ಟು ನೇರವಾದ ಆಸೆಯನ್ನು ಸುದರ್ಶನ ಯಾವ ಫ್ಲೆಕ್ಸಿನ ಮೇಲೂ ಬರೆಸಿರಲಿಲ್ಲ. ಒಂದು ಹೂಂ. ತೆಂಗಿನ ಕಾಯಲ್ಲ, ಆಲೂಗಡ್ಡೆಯಲ್ಲ, ಡಬ್ಬಿಯಲ್ಲ, ಒಂದು ಹೂಂ ಅಂದರೆ ಶಾಲೆ ಉಳಿಯುತ್ತದೆ. ಅವನಿಗೆ ಆ ಮಾತು ಗಂಟಲಿನವರೆಗೆ ಬಂದದ್ದು ನಿಜ. ಅದರ ಜೊತೆಗೇ ಹಿತ್ತಿಲೂ ಬಂತು. ಸಂಜೆ ಶಾಲೆ ಬಿಟ್ಟು ಬಂದ ರಂಜಿತಳನ್ನು ಬಾಗಿಲಲ್ಲೇ ನಿಲ್ಲಿಸಿ ಅವ್ವ, ಕಠಿಣವಾಗಿ ಅಲ್ಲದೆ, ಬಟ್ಟೆ ಬಿಚ್ಚಿಸುತ್ತಾರೆ. ದಿನಾ ಹಂಡೆ ಕಾಯುತ್ತದೆ. ಬಿಳಿ ಅಂಗಿ ಉಬ್ಬಿ ಮೇಲೆ ಬರುತ್ತದೆ. ತಾನು ದಿನಾ ನೋಡುತ್ತಾ ನಿಲ್ಲಬೇಕು, ಅಥವಾ ಒಂದು ದಿನ ಅವ್ವನಿಗೆ ಹೇಳಬೇಕು. ನಲವತ್ತು ದಾಟಿದವನಿಗೆ, ಮೂರು ತಾಲ್ಲೂಕಿನಲ್ಲಿ ಭಾಷಣ ಮಾಡಿ ಬಂದವನಿಗೆ, ಆ ಒಂದು ವಾಕ್ಯ ಹೇಗೆ ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ.

‘ಅವಳ್ ಇಂಗ್ಲಿಷು ಅರ್ಧಕ್ಕೇ ನಿಂತೋಯ್ತದಲ್ಲೋ’ ಎಂದ.

‘ಅದೇಯ ಸಾ’ ಎಂದ ಭೀಮ, ಬಹಳ ಮೆತ್ತಗೆ, ಅವನನ್ನು ಸಮಾಧಾನ ಮಾಡುವವನಂತೆ. ‘ನಂದೂ ಅದೇಯ. ನಮ್ದು ಸುರುವೇ ಆಗಿಲ್ಲ.’

ಹೆಡ್‌ಮೇಡಂ ಸಹಿ ಹಾಕಿದರು. ಮೊಹರನ್ನು ಇಂಕಿಗೆ ಒತ್ತಿ, ಕಾಗದಕ್ಕೆ ಒತ್ತಿ, ಸರಿಯಾಗಿ ಮೂಡಿತೇ ಎಂದು ನೋಡಿದರು. ಮೂಡಿತ್ತು.

ಆಗ ಬಾಗಿಲಲ್ಲಿ ಧನುಶ್ರೀ ಕಾಣಿಸಿಕೊಂಡಳು. ಹಳೇ ಫ್ರಾಕು, ಎರಡು ಕೈಯಲ್ಲಿ ಎದೆಗೊತ್ತಿ ಹಿಡಿದ ದಿನಪತ್ರಿಕೆಯ ಪೊಟ್ಟಣ. ಅದರ ತಳದ ಅಕ್ಷರಗಳೆಲ್ಲ ನೆಂದು ಕಪ್ಪಾಗಿದ್ದವು. ಅಪ್ಪನನ್ನು ದಾಟಿ, ಮೇಡಂನ ಮೇಜನ್ನು ದಾಟಿ, ನೇರವಾಗಿ ಸುದರ್ಶನನ ಮುಂದೆ ಬಂದು ನಿಂತು, ‘ಇದು ನಿಮ್ದು ಸಾ’ ಎಂದಳು. ‘ನಿಂಗೇ ಕೊಟ್ಟಿದ್ದಲ್ವೇನವ್ವ, ಮಡಿಕ್ಕೊ’ ಎನ್ನಬೇಕೆಂದಿದ್ದ. ಆದರೆ ಕೃಷ್ಣಪ್ಪನವರ ಭಾನುವಾರ ನೆನಪಾಗಿ, ಬಾಯಿಗಿಂತ ಮೊದಲೇ ಕೈ ಮುಂದೆ ಚಾಚಿತ್ತು. ಅವಳು ಪೊಟ್ಟಣವನ್ನು ಆ ಕೈಯಲ್ಲಿ ಇಡಲಿಲ್ಲ. ಒಂದು ಗಳಿಗೆ ಅತ್ತಿತ್ತ ನೋಡಿದಳು, ಕಲ್ಲು ಹುಡುಕುವವಳಂತೆ. ಆಮೇಲೆ ಅವನ ಪಕ್ಕದ ಖಾಲಿ ಬೆಂಚಿನ ಮೇಲೆ, ಯಾರದೋ ಹೆಸರಿನ ಮೇಲೆ, ಅದನ್ನು ಇಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

‘ಕುದ್ಸಿವ್ನಿ ಸಾ. ಬಿಸ್ನೀರಾಗೆ. ಎಲ್ಡ್ ಸಲ. ಈಗ್ತಾನೆ ಇಂಡ್ಕಂಡ್ ಬಂದೆ, ಮ್ವಾಡ ಅಲ್ವಾ, ಒಣಗಾಕಿಲ್ಲ. ಇಸ್ತ್ರಿ ಮಾಡ್ಕಂಡ್ರೆ ರಂಜಿತಂಗೆ ಆಯ್ತದೆ.’

ಭೀಮ ಗಟ್ಟಿಯಾಗಿ ನಕ್ಕ. ‘ಅಯ್ಯೋ ಉಚ್ಚುಡ್ಗಿ! ಯೂನಿಫಾರಂನ ಯಾರವ್ವ ಕುದುಸ್ತಾರೆ? ಮುದ್ದೆ ಎಸ್ರಾ ಅದು? ಯಾರ್ ಏಳ್ಕೊಟ್ರು ನಿಂಗೆ?’

ಹುಡುಗಿ ಸುದರ್ಶನನ ಮುಖವನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಹೇಳಲೋ ಬೇಡವೋ ಎಂದು ಅವನನ್ನೇ ಕೇಳುತ್ತಿರುವಂತಿತ್ತು ಆ ನೋಟ. ಅವನು ಕಣ್ಣು ಕೆಳಗಿಳಿಸಿದ. ಬೆಂಚಿನ ಮೇಲೆ ನೀರು ಹರಡಿ, ದಾನಿಯ ಹೆಸರಿನ ಮೊದಲ ಅಕ್ಷರಕ್ಕೆ ತಾಗಿತ್ತು.

‘ಕರೆ ಅತ್ಕಂಡಿತ್ತು ಕಣಪ್ಪ’ ಎಂದಳು ಧನುಶ್ರೀ.

‘ಏನ್ ಕರೆಯವ್ವ?’

‘ಈಗಿಲ್ಲ.’

ಅಪ್ಪ ಮಗಳು ಹೊರಟರು. ಭೀಮ ಬಾಗಿಲಲ್ಲಿ ತಿರುಗಿ, ಕೈಮುಗಿದು, ‘ಬತ್ತೀನಿ ಸಾ, ಮಕ್ಳು ಕಾಯ್ತಾವೆ’ ಎಂದ. ಕಿಟಕಿಯಿಂದ ಸುದರ್ಶನನಿಗೆ ಕಂಡಿತು: ಭೀಮ ಮಗಳ ಕಂಕುಳಿಗೆ ಕೈಹಾಕಿ ವ್ಯಾನಿಗೆ ಎತ್ತಿ ಹತ್ತಿಸಿದ; ಹಾಡು ನಿಂತಿತು; ರಂಜಿತಾ ತನ್ನ ಸೀಟಿನಲ್ಲಿ ಸ್ವಲ್ಪ ಸರಿದಳು. ಜಾಗ ಕೊಡಲು ಸರಿದಳೋ, ತಾಗದಿರಲಿ ಎಂದು ಸರಿದಳೋ, ಇಷ್ಟು ದೂರದಿಂದ ತಿಳಿಯಲಿಲ್ಲ. ಇನ್ನೊಂದು ಕ್ಷಣ ನೋಡಿದ್ದರೆ ತಿಳಿಯುತ್ತಿತ್ತೇನೋ. ಅಷ್ಟರಲ್ಲಿ ವ್ಯಾನು ಹೊರಳಿ, ಗೋಡೆಯ ರೈಲಿನ ಉದ್ದಕ್ಕೂ ಹಾಯ್ದು, ಮರೆಯಾಯಿತು. ಹೆಡ್‌ಮೇಡಂ ಎದ್ದು ಹೋಗಿ, ಒಂದೊಂದಾಗಿ, ಫ್ಯಾನುಗಳನ್ನು ಆರಿಸತೊಡಗಿದರು. ರೆಕ್ಕೆ ನಿಧಾನವಾಗುತ್ತ ಬಂದಂತೆ ಹೆಸರುಗಳು ಮತ್ತೆ ಓದಲು ಸಿಕ್ಕವು.

ಫೋನು ಬಂತು. ಸುದರ್ಶನ ಪೊಟ್ಟಣವನ್ನು ಕೈಗೆತ್ತಿಕೊಂಡ. ಮೇಜೂ ಬೆಂಚೂ ಕುರ್ಚಿಯೂ ಯಾರದೋ ಹೆಸರಿನವು, ಒದ್ದೆಯದನ್ನು ಇಡಲು ಜಾಗವಿರಲಿಲ್ಲ.

‘ಸಿಕ್ತೇನಯ್ಯ ಯೂನಿಫಾರಂ?’ ಎಂದರು ಕೃಷ್ಣಪ್ಪನವರು.

‘ಸಿಕ್ತು ಸಾ.’

‘ಬ್ಯಾರೇರ್ ಇಕ್ಕಂಡಿದ್ದಲ್ವಾ? ಮಗೀಗ್ ಆಕೋ ಮುಂಚೆ ಒಂದ್ಸಲ ಒಗಿಸ್‌ಬುಡಯ್ಯ, ಬಿಸ್ನೀರಲ್ಲಿ.’

‘ಒಗ್ದೈತೆ ಸಾ’ ಎಂದ. ಕಾಗದ ದಾಟಿ ಬಂದ ನೀರು ಅವನ ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು.